ಲೆಟ್ಸ್ ಗೋ ಈವಿ: ವಿಕಾಸವಾಗಲು ಒಪ್ಪದ ಜೊತೆಗಾರ ಈವಿಯನ್ನು ಕೊನೆಯವರೆಗೂ ಇಟ್ಟುಕೊಂಡರೆ ನಷ್ಟವೇ?

ಮಗಳ ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಒಂಬತ್ತು ವರ್ಷದ ಮಗಳು ಈ ಬೇಸಿಗೆ ರಜೆಯಲ್ಲಿ ನಿಂಟೆಂಡೊ ಸ್ವಿಚ್‌ನಲ್ಲಿ ‘ಪೋಕೆಮಾನ್: ಲೆಟ್ಸ್ ಗೋ, ಈವಿ!’ ಆಡಲು ಕುಳಿತಿದ್ದಾಳೆ. ಆಟದ ಆರಂಭದಲ್ಲಿ ಜೊತೆಗಾರನಾಗಿ ಸಿಕ್ಕ ಈವಿ ಎಂಬ ಪೋಕೆಮಾನ್‌ಗೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಬೆಲ್ಲ’ ಎಂದು ಹೆಸರಿಟ್ಟಿದ್ದಾಳೆ. ಅದು ಆಟದುದ್ದಕ್ಕೂ ಅವಳ ಪಾತ್ರದ ತಲೆಯ ಮೇಲೆ ಕುಳಿತೇ ಊರೂರು ಸುತ್ತುತ್ತದೆ. ಈವಿಯನ್ನು ನೀರಿನ ಕಲ್ಲಿನಿಂದ ವೇಪೋರಿಯನ್ ಎಂಬ ನೀರಿನ ಪೋಕೆಮಾನ್ ಆಗಿ ವಿಕಾಸಗೊಳಿಸಬಹುದೆಂದು ಗೆಳತಿಯೊಬ್ಬಳು ಹೇಳಿದ್ದರಿಂದ, ಆಟದಲ್ಲಿ ಗೆದ್ದ ಹಣವನ್ನೆಲ್ಲ ಕೂಡಿಟ್ಟು ಸೆಲಡಾನ್ ನಗರದ ದೊಡ್ಡ ಅಂಗಡಿಯಲ್ಲಿ ಆ ಕಲ್ಲನ್ನು ಕೊಂಡಳು. ಕೊಂಡ ಮೇಲೆ ನೋಡಿದರೆ ಬೆಲ್ಲನ ಮೇಲೆ ಅದನ್ನು ಬಳಸಲು ಬರುವುದೇ ಇಲ್ಲ. ಅಂದು ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು ಅತ್ತದ್ದನ್ನು ನೋಡಿ, ನಾನೇ ಇಲ್ಲಿ ಕೇಳುವುದೆಂದು ನಿರ್ಧರಿಸಿದೆ.

ಇದಕ್ಕೆ ಏನಾದರೂ ಉಪಾಯವಿದೆಯೇ? ಇಲ್ಲವೆಂದಾದರೆ, ವಿಕಾಸವಾಗದ ಈ ಪ್ರಾಣಿ ಮುಂದಿನ ಜಿಮ್ ಪಂದ್ಯಗಳಲ್ಲಿ ಹಿಂದೆ ಬಿದ್ದುಹೋಗುತ್ತದೆಯೇ? ಬಾಕ್ಸಿನಲ್ಲಿಟ್ಟು ಬೇರೆಯದನ್ನು ಬೆಳೆಸಲು ಹೇಳಬೇಕೇ? ನಾನು ಟೀವಿಯಲ್ಲಿ ಕಾರ್ಟೂನ್ ನೋಡಿದವನೇ ಹೊರತು ಆಟ ಆಡಿದವನಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ:

ಉಪಾಯವಿಲ್ಲ, ಸರ್. 2018ರ ನವೆಂಬರ್ 16ರಂದು ಬಂದ ‘ಲೆಟ್ಸ್ ಗೋ’ ಜೋಡಿ ಆಟಗಳಲ್ಲಿ ಆರಂಭದಲ್ಲಿ ದೊರೆಯುವ ಪಿಕಾಚುವಾಗಲಿ ಈವಿಯಾಗಲಿ ಯಾವ ಕಲ್ಲಿಗೂ ಬಗ್ಗುವುದಿಲ್ಲ. ಆದರೆ ಅದೇ ಕಾರಣಕ್ಕೆ ಅವುಗಳನ್ನು ಕಾಡಿನಲ್ಲಿ ಸಿಗುವ ಈವಿ, ಪಿಕಾಚುಗಳಿಗಿಂತ ಬಲಶಾಲಿಯಾಗಿ ರೂಪಿಸಿದ್ದಾರೆ. ಇದು ಪರದೆಯ ಮೇಲೆ ನೇರವಾಗಿ ಕಾಣುವುದಿಲ್ಲವಾದ್ದರಿಂದ ಬಹಳ ಜನರಿಗೆ ಗೊತ್ತಾಗುವುದಿಲ್ಲ.

ಸಾಮಾನ್ಯ ಈವಿಯ ಆರು ಮೂಲ ಅಂಕಗಳ ಮೊತ್ತ 325. ನಿಮ್ಮ ಮಗಳ ಬೆಲ್ಲನದು 435. ಅಂದರೆ ಆರೋಗ್ಯಕ್ಕೆ 10, ಉಳಿದ ಐದಕ್ಕೆ ತಲಾ 20 ಹೆಚ್ಚು. ಇದರ ಜೊತೆಗೆ ಒಂದೇ ಜಾತಿಯ ಎರಡು ಪೋಕೆಮಾನ್‌ಗಳ ನಡುವೆ ವ್ಯತ್ಯಾಸ ತರುವ ಹುಟ್ಟುಗುಣದ ಅಂಕಗಳೂ ಜೊತೆಗಾರನಿಗೆ ಆರಕ್ಕೆ ಆರೂ ಗರಿಷ್ಠ 31 ಇರುತ್ತವೆ.

ಹಾಗೆಂದು ವೇಪೋರಿಯನ್‌ಗೆ ಸಮ ಎಂದು ನಾನು ಹೇಳಲಾರೆ. ಅದರ ಮೊತ್ತ 525. ದಾಳಿಯಲ್ಲೂ ವೇಗದಲ್ಲೂ ಬೆಲ್ಲನಿಗೆ ತಲಾ 75 ಇದ್ದರೆ ವೇಪೋರಿಯನ್‌ಗೆ ತಲಾ 65, ಅಲ್ಲಿ ನಿಮ್ಮವನೇ ಮುಂದೆ. ಆದರೆ ನೀರಿನ ಮೂವ್‌ಗಳಿಗೆ, ಅಂದರೆ ನೀರಿನ ಹೊಡೆತಗಳಿಗೆ, ಬೇಕಾದ ವಿಶೇಷ ದಾಳಿಯಲ್ಲಿ 65ಕ್ಕೆ ಎದುರಾಗಿ 110. ಅದರ ಮೇಲೆ, ತನ್ನದೇ ಟೈಪಿನ (ನೀರು, ವಿದ್ಯುತ್ತು ಇಂಥ ವರ್ಗದ) ಮೂವ್ ಬಳಸಿದರೆ ಪೆಟ್ಟು ಒಂದೂವರೆ ಪಟ್ಟಾಗುವ ನಿಯಮವಿದೆ. ಈವಿ ನಾರ್ಮಲ್ ಟೈಪಿನದಾದ್ದರಿಂದ ಅದಕ್ಕೆ ಈ ಲಾಭ ನೀರಿನಲ್ಲಿ ಸಿಗದು. ಉಳಿದದ್ದೆಲ್ಲ ಸಮವಿದ್ದರೆ, 90 ಬಲದ ನೀರಿನ ಮೂವ್ ಒಂದನ್ನು ಇಬ್ಬರೂ ಬಳಸಿದಾಗ ವೇಪೋರಿಯನ್‌ನ ಪೆಟ್ಟು ಸುಮಾರು ಎರಡೂವರೆ ಪಟ್ಟು ಜೋರಾಗಿರುತ್ತದೆ.

ಬೆಲ್ಲನ ಬಂಡವಾಳ ಇರುವುದು ಬೇರೆಡೆ. ಕೆಲವು ಊರುಗಳ ಪೋಕೆಮಾನ್ ಸೆಂಟರ್‌ಗಳಲ್ಲಿ ಜೊತೆಗಾರನಿಗೆಂದೇ ವಿಶೇಷ ಮೂವ್ ಕಲಿಸುವ ವ್ಯಕ್ತಿಗಳು ನಿಂತಿರುತ್ತಾರೆ. ಅವರನ್ನು ಮಾತನಾಡಿಸದೆ ಮುಂದೆ ಹೋಗಬಾರದೆಂದು ಮಗಳಿಗೆ ತಿಳಿಸಿ. ಪಿಕಾಚುವಿಗೆ ಇಂಥ ಮೂರು ಮೂವ್‌ಗಳಿದ್ದರೆ ಈವಿಗೆ ಎಂಟು. ಬೌನ್ಸಿ ಬಬಲ್ ಎಂಬ ನೀರಿನ ಮೂವ್ ಹೊಡೆದ ಪೆಟ್ಟಿನ ಅರ್ಧದಷ್ಟು ಆರೋಗ್ಯವನ್ನು ಈವಿಗೇ ಮರಳಿ ಕೊಡುತ್ತದೆ. ಬಝಿ ಬಝ್ ತಗುಲಿದ ಎದುರಾಳಿಗೆ ಲಕ್ವ ಹೊಡೆದಂತಾಗುತ್ತದೆ. ಸಿಝ್ಲಿ ಸ್ಲೈಡ್ ಸುಡುತ್ತದೆ. ಒಮ್ಮೆಗೆ ನಾಲ್ಕು ಮಾತ್ರ ನೆನಪಿಟ್ಟುಕೊಳ್ಳಬಲ್ಲದಾದ್ದರಿಂದ ಆಯ್ಕೆ ಮುಖ್ಯ. ಕೊನೆಯಲ್ಲಿ ಎದುರಾಗುವ ಎಲೀಟ್ ಫೋರ್ ಎಂಬ ನಾಲ್ವರು ಘಟಾನುಘಟಿಗಳಲ್ಲಿ ಅಗಾಥಾಳ ಭೂತಗಳಿಗೆ ನಾರ್ಮಲ್ ಮೂವ್ ತಗುಲುವುದೇ ಇಲ್ಲ, ಅಲ್ಲಿಗೆ ಬ್ಯಾಡಿ ಬ್ಯಾಡ್ ಎಂಬ ಕತ್ತಲೆ ಟೈಪಿನ ಮೂವ್ ಬೇಕು. ಲ್ಯಾನ್ಸ್‌ನ ಡ್ರಾಗನೈಟ್‌ಗೆ ಫ್ರೀಝಿ ಫ್ರಾಸ್ಟ್ ಎಂಬ ಮಂಜಿನ ಮೂವ್ ನಾಲ್ಕು ಪಟ್ಟು ಪೆಟ್ಟು ಕೊಡುತ್ತದೆ. ಬಾಕ್ಸಿನಲ್ಲಿಡುವ ಮಾತೇ ಬೇಡ.

ಕೊಂಡ ಕಲ್ಲೂ ವ್ಯರ್ಥವಲ್ಲ. 17ನೇ ಮಾರ್ಗದಲ್ಲಿ ಕಾಡು ಈವಿಗಳು ಸಿಗುತ್ತವೆ. ಅಂಥದೊಂದನ್ನು ಹಿಡಿದರೆ ಅದು ಕಲ್ಲು ಸೋಕಿದ ತಕ್ಷಣ ವೇಪೋರಿಯನ್ ಆಗುತ್ತದೆ.

ಹಳದಿ ಕಾರ್ಟ್ರಿಜ್:

ಮೇಲಿನವರ ಲೆಕ್ಕ ಸರಿಯಾಗಿದೆ. ಆದರೆ ಈ ಹಟಮಾರಿತನ 2018ರದಲ್ಲ. ಜಪಾನಿನಲ್ಲಿ 1998ರಲ್ಲೂ ಅಮೆರಿಕದಲ್ಲಿ 1999ರಲ್ಲೂ ಬಂದ ‘ಪೋಕೆಮಾನ್ ಯೆಲ್ಲೋ’ದಲ್ಲಿ ಇದರ ಬೇರಿದೆ. ಟೀವಿ ಸರಣಿಯ ಪಿಕಾಚು ಅಷ್ಟು ಜನಪ್ರಿಯವಾದ್ದರಿಂದ, ಹಿಂದಿನ ಆಟಗಳ ಮೂರು ಆಯ್ಕೆಗಳನ್ನು ಬದಿಗಿಟ್ಟು ಎಲ್ಲರಿಗೂ ಪಿಕಾಚುವನ್ನೇ ಕೊಟ್ಟರು. ಸ್ವಾರಸ್ಯವೆಂದರೆ, ಅಲ್ಲಿ ಪ್ರೊಫೆಸರ್ ಓಕ್ ನಮಗೆಂದು ಮೇಜಿನ ಮೇಲೆ ಇಟ್ಟಿರುವುದು ಈವಿಯನ್ನು. ಓಕ್‌ನ ಮೊಮ್ಮಗನಾದ ನಮ್ಮ ಪ್ರತಿಸ್ಪರ್ಧಿ ನಮ್ಮನ್ನು ತಳ್ಳಿ ಅದನ್ನು ಕಿತ್ತುಕೊಳ್ಳುತ್ತಾನೆ, ಹುಲ್ಲಿನಲ್ಲಿ ಆಗಷ್ಟೇ ಹಿಡಿದ ಪಿಕಾಚು ನಮ್ಮ ಪಾಲಿಗೆ ಬರುತ್ತದೆ. ಆ ಈವಿ ಮುಂದೆ ಯಾವ ರೂಪ ತಾಳುತ್ತದೆ ಎನ್ನುವುದು ಅವನೊಡನೆ ನಾವು ಆಡುವ ಮೊದಲ ಪಂದ್ಯಗಳ ಸೋಲು ಗೆಲುವಿನ ಮೇಲೆ ನಿಂತಿರುತ್ತದೆ. ನಿಮ್ಮ ಮಗಳು ಆಡುತ್ತಿರುವುದು, ಒಂದರ್ಥದಲ್ಲಿ, ಆ ಕಿತ್ತುಕೊಂಡ ಈವಿ ನಮ್ಮ ಕೈಗೇ ಬಂದಿದ್ದರೆ ಏನಾಗುತ್ತಿತ್ತು ಎನ್ನುವ ಕಥೆಯನ್ನು.

ಸೋದರಮಾವ ಸಿಂಗಪುರದಿಂದ ತಂದುಕೊಟ್ಟ ಗೇಮ್ ಬಾಯ್‌ನಲ್ಲಿ ನಾನು ಅದನ್ನು ಆಡಿದ್ದೆ. ಆ ಪಿಕಾಚುವಿಗೆ ಹೆಚ್ಚುವರಿ ಅಂಕ ಒಂದೂ ಇರಲಿಲ್ಲ; ಕಾಡಿನ ಪಿಕಾಚುವಿನಷ್ಟೇ ಬಲ, ರಕ್ಷಣೆ ಬರೀ 30. ಮೊದಲ ಜಿಮ್‌ನ ಬ್ರಾಕ್ ಬಳಿ ಜಿಯೋಡ್ಯೂಡ್, ಓನಿಕ್ಸ್ ಇದ್ದವು. ಎರಡೂ ಬಂಡೆ ಮತ್ತು ನೆಲದ ಟೈಪಿನವಾದ್ದರಿಂದ ವಿದ್ಯುತ್ತು ಅವುಗಳಿಗೆ ಸ್ವಲ್ಪವೂ ತಾಗುತ್ತಿರಲಿಲ್ಲ. ಥಂಡರ್ ಶಾಕ್ ಒತ್ತುವುದು, ಪರಿಣಾಮವಿಲ್ಲ ಎಂಬ ಸಾಲನ್ನು ಓದುವುದು, ಮತ್ತೆ ಒತ್ತುವುದು. ಒಂದು ಭಾನುವಾರ ಪೂರ್ತಿ ಹೀಗೇ ಕಳೆಯಿತು. ಕೊನೆಗೆ ವಿರಿಡಿಯನ್ ನಗರದ ಪಶ್ಚಿಮಕ್ಕಿರುವ 22ನೇ ಮಾರ್ಗಕ್ಕೆ ಹೋಗಿ ಮಂಕಿ ಎಂಬ ಜಗಳಗಂಟ ಕೋತಿಯನ್ನು ಹಿಡಿದು, ಅದು ಒಂಬತ್ತನೇ ಲೆವೆಲ್‌ನಲ್ಲಿ ಲೋ ಕಿಕ್ ಕಲಿಯುವವರೆಗೂ ಬೆಳೆಸಿ ಬಂದೆ. ‘ಲೆಟ್ಸ್ ಗೋ’ದಲ್ಲಿ ಈ ಪಾಡಿಲ್ಲ: ಜೊತೆಗಾರನೇ ಲೆವೆಲ್ ಹತ್ತರ ಆಸುಪಾಸಿನಲ್ಲಿ ಡಬಲ್ ಕಿಕ್ ಕಲಿತು ಬ್ರಾಕ್‌ನನ್ನು ಉರುಳಿಸುತ್ತದೆ.

ಆದರೂ ಅಂದು ಒಂದು ಸಂತೋಷವಿತ್ತು. ಪಿಕಾಚು ನಮ್ಮ ಹಿಂದೆಯೇ ನಡೆದು ಬರುತ್ತಿತ್ತು, ತಿರುಗಿ ಎ ಗುಂಡಿ ಒತ್ತಿದರೆ ಅದರ ಮುಖ ಪರದೆಯ ತುಂಬ ಮೂಡುತ್ತಿತ್ತು. ಅದು ನಮ್ಮನ್ನು ಸಾಕಷ್ಟು ಹಚ್ಚಿಕೊಂಡಿದ್ದರೆ ಮಾತ್ರ ಸೆರೂಲಿಯನ್ ನಗರದ ಹೆಂಗಸೊಬ್ಬಳು ತನ್ನ ಬಲ್ಬಸಾರ್ ಅನ್ನು ನಮಗೆ ಒಪ್ಪಿಸುತ್ತಿದ್ದಳು. ಸಿಡಿಲಿನ ಕಲ್ಲನ್ನು ಪಿಕಾಚು ಬೇಡವೆಂದಾಗ ನನಗೂ ಸಿಟ್ಟು ಬಂದಿತ್ತೆಂದು ನಿಮ್ಮ ಮಗಳಿಗೆ ಹೇಳಿ.

ಒಗ್ಗರಣೆ ಡಬ್ಬಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ‘ಯೆಲ್ಲೋ’ದ ಪಿಕಾಚು ದುರ್ಬಲವಾಗಿದ್ದುದರಿಂದಲೇ ಮಂಕಿಯಂಥದ್ದನ್ನು ಹುಡುಕಿಕೊಂಡು ಹೋಗುವ ಕೆಲಸ ನಮ್ಮದಾಗುತ್ತಿತ್ತು. ‘ಲೆಟ್ಸ್ ಗೋ’ದಲ್ಲಿ ಜೊತೆಗಾರನೊಬ್ಬನೇ ಎಲ್ಲವನ್ನೂ ಮಾಡಿ ಮುಗಿಸುತ್ತಾನೆ. ಪಿಕಾಚುವಿನ ವೇಗ 120, ಅಂದರೆ ವಿಕಾಸಗೊಂಡ ರೈಚುವಿನ 110ಕ್ಕಿಂತಲೂ ಹೆಚ್ಚು. ಝಿಪ್ಪಿ ಝ್ಯಾಪ್ ಎಂಬ ಅದರ ಮೂವ್ ಎದುರಾಳಿಗಿಂತ ಮೊದಲೇ ಬಿದ್ದು, ಪ್ರತಿ ಸಲವೂ ಮರ್ಮಕ್ಕೇ ತಾಗುತ್ತದೆ. ನಾನು ಅರ್ಧ ಆಟವನ್ನು ಆ ಒಂದು ಗುಂಡಿಯಲ್ಲೇ ಕಳೆದು, ಉಳಿದ ಐವರ ಹೆಸರನ್ನೂ ಮರೆತಿದ್ದೆ. ಮಗು ಆಡುತ್ತಿರುವುದರಿಂದ ಅದು ದೋಷವಲ್ಲ. ಆದರೆ ಬೆಲ್ಲನನ್ನು ಗುಂಪಿನ ಮೊದಲ ಸ್ಥಾನದಿಂದ ಮೂರನೆಯದಕ್ಕೆ ಸರಿಸಿ ನೋಡಲಿ, ಆಟದ ರುಚಿ ಬದಲಾಗುತ್ತದೆ.

ಇನ್ನೊಂದು ವಿಷಯವನ್ನು ಈಗಲೇ ತಿಳಿಸಿಬಿಡುವುದು ಒಳ್ಳೆಯದು, ಇಲ್ಲವಾದರೆ ಮತ್ತೊಮ್ಮೆ ಕಣ್ಣೀರಾಗುತ್ತದೆ. ಉಳಿದ ಪೋಕೆಮಾನ್‌ಗಳನ್ನು, ಒಂದು ಆಟದಿಂದ ಇನ್ನೊಂದಕ್ಕೆ ಒಯ್ಯಲು ನೆರವಾಗುವ ‘ಹೋಮ್’ ಎಂಬ ಸೇವೆಗೆ ಸಾಗಿಸಬಹುದಾದರೂ ಜೊತೆಗಾರನನ್ನು ಸಾಗಿಸಲು ಬರುವುದಿಲ್ಲ. ‘ಲೆಟ್ಸ್ ಗೋ, ಈವಿ!’ ಆಡಿದ ದಾಖಲೆ ಅದೇ ಸ್ವಿಚ್‌ನಲ್ಲಿದ್ದರೆ ‘ಸ್ವೋರ್ಡ್’ ಅಥವಾ ‘ಶೀಲ್ಡ್’ ಆಟದಲ್ಲಿ ವಿಶೇಷ ಈವಿಯೊಂದು ಉಡುಗೊರೆಯಾಗಿ ಸಿಗುತ್ತದೆ, ಆದರೆ ಅದು ಬೆಲ್ಲ ಅಲ್ಲ.

ಮಗಳ ಅಪ್ಪ:

ಮೂವರಿಗೂ ಧನ್ಯವಾದಗಳು. ನಿನ್ನೆ ಸಂಜೆ 17ನೇ ಮಾರ್ಗದಲ್ಲಿ ಎರಡನೆಯ ಈವಿ ಸಿಕ್ಕಿತು, ಕಲ್ಲು ಅದಕ್ಕೆ ಸಲ್ಲಿತು. ಆದರೆ ಕಲ್ಲು ಕೊಡುವ ಮುನ್ನ, ಇದು ಬೆಲ್ಲನ ಕಣ್ಣಿಗೆ ಕಾಣಿಸುತ್ತದೆಯೇ ಎಂದು ನನ್ನನ್ನು ಎರಡು ಸಲ ಕೇಳಿದಳು. ‘ಹೋಮ್’ ವಿಷಯವನ್ನು ಇನ್ನೂ ಹೇಳಿಲ್ಲ. ಶಾಲೆ ಶುರುವಾದ ಮೇಲೆ ನೋಡೋಣ. ಈಗ ಅವಳದೊಂದು ಪ್ರಶ್ನೆ: ಬೆಲ್ಲನ ಕೂದಲನ್ನು ನೇವರಿಸಿ ಸರಿಪಡಿಸುವಂತೆ ವೇಪೋರಿಯನ್‌ಗೂ ಮಾಡಬಹುದೇ?

ಲೆಕ್ಕದ ಪುಸ್ತಕ:

ಮಾಡಲಾಗದು, ಸರ್. ನೇವರಿಸುವುದು, ಕೇಶಾಲಂಕಾರ, ಉಡುಪು ಇವೆಲ್ಲ ಜೊತೆಗಾರನಿಗಷ್ಟೇ ಮೀಸಲು. ವೇಪೋರಿಯನ್ ಅನ್ನು ಬಾಲ್‌ನಿಂದ ಹೊರಗೆ ಬಿಟ್ಟರೆ ಹಿಂದೆ ನಡೆದು ಬರುತ್ತದೆ. ಬೆಲ್ಲ ಆಗಲೂ ತಲೆಯ ಮೇಲೆಯೇ ಇರುತ್ತಾನೆ.