ಪನಾಮಾದ ಬೊಕೆಟೆಯಲ್ಲಿ ರಿಟೈರ್ ಆಗೋ ಯೋಚನೆ, ಮನೆ ಕೊಂಡುಬಿಡೋದಾ?

ಕಾಫಿಗಿಡ:
ಎಲ್ಲರಿಗೂ ನಮಸ್ಕಾರ. ನನಗೆ 64, ಹೆಂಡ್ತಿಗೆ 61. ಅಮೆರಿಕಕ್ಕೆ ಬಂದು 28 ವರ್ಷ ಆಯ್ತು, ಮುಂದಿನ ವರ್ಷ ಕೆಲಸ ಬಿಡ್ತಿದೀನಿ. ಹೋದ ಫೆಬ್ರವರಿಲಿ ಪನಾಮಾದ ಚಿರಿಕಿ ಪ್ರಾಂತ್ಯದ ಬೊಕೆಟೆಗೆ ಹೋಗಿ ಹನ್ನೆರಡು ದಿನ ಇದ್ವಿ. ಸುಮಾರು 1200 ಮೀಟರ್ ಎತ್ತರದ ಊರು, ಬಾರೂ ಜ್ವಾಲಾಮುಖಿ ಬೆಟ್ಟದ ಮಗ್ಗುಲಲ್ಲಿ ಕಾಫಿ ತೋಟಗಳು, ಸೆಕೆನೂ ಇಲ್ಲ ಕೊರೆಯೋ ಚಳಿನೂ ಇಲ್ಲ, ಅಮೆರಿಕ ಕೆನಡಾದಿಂದ ಬಂದು ನೆಲೆಸಿರೋ ರಿಟೈರ್ಡ್ ಜನ ಬೇಕಾದಷ್ಟಿದಾರೆ, ಡಾಲರ್ರೇ ನಡೆಯುತ್ತೆ. ಟೌನಿಂದ ಮೇಲಕ್ಕೆ ಇಪ್ಪತ್ತು ನಿಮಿಷದ ದಾರಿಲಿ ಒಂದು ಮನೆ ನೋಡಿದ್ವಿ. ಅದರ ವರಾಂಡದಲ್ಲಿ ನಿಂತಿದ್ದಾಗ ಬಿಸಿಲು ಹಾಗೇ ಇದೆ, ಹಿಟ್ಟು ಜರಡಿ ಹಿಡಿದಂಗೆ ಮಳೆ ಉದುರ್ತಾ ಇದೆ, ಅಲ್ಲಿಯವರು ಅದಕ್ಕೆ ಬಹಾರೆಕೆ ಅಂತಾರೆ, ಕಣಿವೆ ಆ ಕಡೆಯಿಂದ ಈ ಕಡೆಗೆ ಕಾಮನಬಿಲ್ಲು. ಅವತ್ತಿಂದ ಬೇರೆ ಏನೂ ತಲೆಗೆ ಹೋಗ್ತಿಲ್ಲ.

ರಿಟೈರ್ ಆದವರಿಗೆ ಪನಾಮಾ ಕೊಡೋ ಪೆನ್ಸಿಯೊನಾಡೊ ವೀಸಾಗೆ ತಿಂಗಳಿಗೆ 1000 ಡಾಲರ್ ಪೆನ್ಷನ್ ತೋರಿಸ್ಬೇಕು, ಹೆಂಡ್ತಿಗೆ ಇನ್ನೊಂದು 250, ಅದು ನಮಗೆ ಕಷ್ಟ ಇಲ್ಲ. ಆದ್ರೆ ಆ ವರಾಂಡದಲ್ಲೇ ನನ್ನಾಕೆ "ಇಲ್ಲಿ ನಿಮಗೇನಾದ್ರೂ ಆದ್ರೆ ನಾನು ಯಾರನ್ನ ಕೂಗ್ಲಿ" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ಅಲ್ಲಿ ಇದ್ದು ನೋಡಿದವರು ದಯವಿಟ್ಟು ಹೇಳಿ.

ಲೆಕ್ಕದಪುಸ್ತಕ:
ಸರ್, ಮೊದಲು ಕಾಗದಪತ್ರದ ವಿಷಯ. ನೀವು ಸಿಟಿಜನ್ನಾ ಅಥವಾ ಇನ್ನೂ ಗ್ರೀನ್ ಕಾರ್ಡಾ? ಗ್ರೀನ್ ಕಾರ್ಡ್ ಆದ್ರೆ ರೀ-ಎಂಟ್ರಿ ಪರ್ಮಿಟ್ ಇಲ್ದೆ ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ರೆ ವಾಪಸ್ ಬರೋಕೆ ಆ ಕಾರ್ಡ್ ಸಾಕಾಗಲ್ಲ, ಮಕ್ಕಳು ಅಮೆರಿಕದಲ್ಲಿದ್ರೆ ಇದನ್ನ ಹಗುರವಾಗಿ ತಗೋಬೇಡಿ. ಎರಡನೇದು, ಆ 1000 ಡಾಲರ್ ಜೀವನಪೂರ್ತಿ ಬರೋ ಪೆನ್ಷನ್ ಆಗಿರ್ಬೇಕು. ಅಮೆರಿಕ ಸರ್ಕಾರ ಕೊಡೋ ಸೋಷಿಯಲ್ ಸೆಕ್ಯುರಿಟಿ ಪೆನ್ಷನ್ ನಡೆಯುತ್ತೆ, ಕೆಲಸದಲ್ಲಿದ್ದಾಗ ರಿಟೈರ್ಮೆಂಟಿಗೆ ಅಂತ ಕೂಡಿಡೋ 401ಕೆ ಅಕೌಂಟಲ್ಲಿ ಎಷ್ಟೇ ದುಡ್ಡಿದ್ರೂ ಅದು ಪೆನ್ಷನ್ ಅನ್ನಿಸ್ಕೊಳ್ಳಲ್ಲ.

65 ದಾಟಿದವರಿಗೆ ಅಮೆರಿಕ ಸರ್ಕಾರ ಕೊಡೋ ಆರೋಗ್ಯ ವಿಮೆ ಮೆಡಿಕೇರ್ ಪನಾಮಾದಲ್ಲಿ ನಡೆಯಲ್ಲ. ಹಾಗಂತ ದುಡ್ಡು ಉಳಿಸೋಕೆ ಅದರಲ್ಲಿ ಡಾಕ್ಟರ್ ಖರ್ಚು ನೋಡ್ಕೊಳ್ಳೋ ಪಾರ್ಟ್ ಬಿ ಬಿಟ್ಟುಬಿಟ್ರೆ, ಮುಂದೆ ವಾಪಸ್ ಬಂದು ಸೇರ್ಕೊಳ್ಳುವಾಗ ಬಿಟ್ಟ ಪ್ರತಿ 12 ತಿಂಗಳಿಗೆ 10% ಜಾಸ್ತಿ ಪ್ರೀಮಿಯಂ, ಅದೂ ಇರೋವರೆಗೂ ಕಟ್ತಾನೇ ಇರ್ಬೇಕು. ಹೊರಗಡೆಯ ದುಡಿಮೆಗೆ ಪನಾಮಾ ಟ್ಯಾಕ್ಸ್ ಹಾಕಲ್ಲ, ಆದ್ರೆ ಅಮೆರಿಕ ತನ್ನ ಸಿಟಿಜನ್ ಎಲ್ಲಿದ್ರೂ ರಿಟರ್ನ್ ಕೇಳುತ್ತೆ.

ಮನೆ ಬಗ್ಗೆ ಒಂದೇ ಮಾತು. ಅಲ್ಲಿ ಟೈಟಲ್ ಇರೋ ಜಮೀನು ಬೇರೆ, ಬರೀ ಅನುಭೋಗದ ಹಕ್ಕು ಇರೋದು ಬೇರೆ, ಇದನ್ನ ಡೆರೆಚೊ ಪೊಸೆಸೋರಿಯೊ ಅಂತಾರೆ. ಮಾರೋರು ಪರಿಚಯ ಮಾಡಿಸಿದ ವಕೀಲರನ್ನ ಬಿಟ್ಟು ನಿಮ್ಮದೇ ವಕೀಲರನ್ನ ಇಟ್ಕೊಂಡು ಅಲ್ಲಿಯ ನೋಂದಣಿ ಕಚೇರಿ ರಿಜಿಸ್ಟ್ರೊ ಪಬ್ಲಿಕೊದಲ್ಲಿ ದಾಖಲೆ ತೆಗೆಸಿ ನೋಡಿ.

ಬೆಟ್ಟದಮನೆ:
ಅಣ್ಣ, ನಾವು ಬೊಕೆಟೆಲಿ ಏಳು ವರ್ಷ ಇದ್ವಿ. ನಿಮ್ಮ ಹೆಂಡ್ತಿ ಕೇಳಿದ ಪ್ರಶ್ನೆ ಓದಿ ಸುಮ್ಮನಿರೋಕೆ ಆಗ್ಲಿಲ್ಲ, ಅದಕ್ಕೆ ಬರೀತಿದೀನಿ.

ನಮ್ಮದೂ ಟೌನಿಂದ ಮೇಲೆ ಇದ್ದ ಮನೆ. ಐದನೇ ವರ್ಷ ಅಕ್ಟೋಬರಲ್ಲಿ ರಾತ್ರಿ ಎರಡು ಗಂಟೆಗೆ ನಮ್ಮೆಜಮಾನ್ರಿಗೆ ಸ್ಟ್ರೋಕ್ ಆಯ್ತು. ಮಳೆ ಧೋ ಅಂತ ಸುರೀತಿದೆ, ಕರೆಂಟಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಎಡಗೈ ಎತ್ತೋಕಾಗ್ತಿಲ್ಲ ಅಂತ ಹೇಳ್ಬೇಕು, ಸ್ಪ್ಯಾನಿಷಲ್ಲಿ ಎಡಕ್ಕೆ ಇಸ್ಕಿಯೆರ್ದಾ ಅಂತಾರೆ, ಅಂಗಡಿ ದಾರಿ ಕೇಳುವಾಗ ದಿನಾ ಆಡ್ತಿದ್ದ ಮಾತು, ಆ ಹೊತ್ತಲ್ಲಿ ಬಾಯಿಗೇ ಬರ್ಲಿಲ್ಲ. ಆಮೇಲೆ ವಿಳಾಸ ಕೇಳಿದ್ರು. ನಮ್ಮ ಕಡೆ ಮನೆಗಳಿಗೆ ನಂಬರ್ರೇ ಇಲ್ಲ, ಸೇತುವೆ ದಾಟಿ ನೀಲಿ ಗೇಟ್ ಆದಮೇಲೆ ಬಲಕ್ಕೆ ಅಂತ ಹೇಳ್ಬೇಕು, ಕತ್ತಲಲ್ಲಿ ನೀಲಿ ಯಾವ್ದು ಹಸಿರು ಯಾವ್ದು. ಅಕ್ಕಪಕ್ಕದ ಎರಡೂ ಮನೆ ನಮ್ಮ ಥರ ಹೊರಗಿಂದ ಬಂದವರದ್ದೇ, ದಿನಾ ಸಂಜೆ ಒಟ್ಟಿಗೆ ಕೂರ್ತಿದ್ವಿ, ಆದ್ರೆ ಮಳೆಗಾಲ ಅಂತ ಇಬ್ರೂ ಮಕ್ಕಳ ಹತ್ರ ಹೋಗಿದ್ರು. ಟಾರ್ಚ್ ಹಿಡ್ಕೊಂಡು ರಸ್ತೆ ತಿರುವಿಗೆ ಓಡಿದೆ. ಕೆಳಗಿನ ಕಾಫಿ ತೋಟದ ಲೈನ್ ಮನೆಲಿದ್ದ ಒಬ್ಬ ನೋಬೆ ಹೆಂಗಸು, ಅಂದ್ರೆ ಅಲ್ಲಿಯ ಮೂಲನಿವಾಸಿ ಜನಾಂಗದವಳು, ಬೆಳಕು ನೋಡಿ ಬಂದ್ಲು, ಅವಳ ಮಗ ತೋಟದವರ ಪಿಕಪ್ ತಂದ, ಮೂವರೂ ಸೇರಿ ಎತ್ತಿ ಮಲಗಿಸಿದ್ವಿ. ದಾವಿದ್ ಸಿಟಿ ಆಸ್ಪತ್ರೆಗೆ 40 ಕಿಲೋಮೀಟರ್. ದಾರಿಯುದ್ದಕ್ಕೂ ಅವಳು ನಮ್ಮೆಜಮಾನ್ರ ತಲೆ ತನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ಲು. ಐದು ವರ್ಷದಲ್ಲಿ ನಾನು ಅವಳಿಗೆ ಬ್ವೇನಾಸ್ ಅಂತ ನಮಸ್ಕಾರ ಹೇಳೋದು ಬಿಟ್ಟು ಬೇರೆ ಮಾತೇ ಆಡಿರ್ಲಿಲ್ಲ.

ಅವರು ಉಳ್ಕೊಂಡ್ರು, ದೇವರ ದಯೆ. ಆಮೇಲೆ ಟೌನೊಳಗೆ ಬಾಡಿಗೆ ಮನೆಗೆ ಬಂದ್ವಿ, ಕೊನೇ ಎರಡು ವರ್ಷ ನಿಜವಾಗ್ಲೂ ಅಲ್ಲಿ ಬದುಕಿದ್ವಿ ಅನ್ಸುತ್ತೆ. ಊರು ಬೇಡ ಅಂತ ನಾನು ಹೇಳಲ್ಲ ಅಣ್ಣ, ಆ ಮನೆ ಬೇಡ.

ಮಳೆಗಾಲ:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸರ್, ಫೆಬ್ರವರಿ ಅಂದ್ರೆ ಅಲ್ಲಿ ಒಣಗಾಲ, ಊರು ಅತ್ಯಂತ ಚೆನ್ನಾಗಿರೋ ಸಮಯ. ಮಳೆ ಮೇ ಇಂದ ನವೆಂಬರ್ ತನಕ, ಅದನ್ನೂ ನೋಡ್ಬೇಕು. ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ, ಕಲ್ಡೇರಾ ನದಿ ಉಕ್ಕುತ್ತೆ. ಇನ್ನೊಂದು, 2023ರಲ್ಲಿ ತಾಮ್ರದ ಗಣಿ ಒಪ್ಪಂದದ ವಿರುದ್ಧ ಅಕ್ಟೋಬರ್ ಕೊನೆಯಿಂದ ನವೆಂಬರ್ 28ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬರೋ ತನಕ ಹೆದ್ದಾರಿ ಬಂದ್ ಆಗಿತ್ತಲ್ಲ, ಆಗ ಚಿರಿಕಿಗೆ ಪೆಟ್ರೋಲು ಅಡುಗೆ ಗ್ಯಾಸು ಬರೋದೇ ಕಷ್ಟ ಆಯ್ತು. ಜನರ ಸಿಟ್ಟಿಗೆ ಕಾರಣ ಇತ್ತು, ಆದ್ರೆ ಬೆಟ್ಟದ ಮೇಲೆ ಒಂಟಿ ಮನೆಲಿ ವಯಸ್ಸಾದವರಿಬ್ರು ಅಂದ್ರೆ ಯೋಚನೆ ಮಾಡಿ. ಮೊದಲು ಒಂದು ಪೂರ್ತಿ ಮಳೆಗಾಲ ಬಾಡಿಗೆಗಿರಿ.

ಕಾಫಿಗಿಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವಿಬ್ರೂ ಸಿಟಿಜನ್ಸೇ. ಬೆಟ್ಟದಮನೆ ಅಕ್ಕ ಬರೆದಿದ್ದನ್ನ ಹೆಂಡ್ತಿಗೆ ಓದಿ ಹೇಳ್ದೆ, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಆ ಹೆಂಗಸಿನ ಹೆಸರೇನಂತೆ ಕೇಳಿ" ಅಂದ್ಲು. ಆ ಮನೆ ಮಾರೋರಿಗೆ ಬೇಡ ಅಂತ ಮೇಲ್ ಹಾಕಿದೀನಿ. ಮೇ ತಿಂಗಳಿಂದ ಏಳು ತಿಂಗಳು ಬಾಡಿಗೆಗೆ ಹೋಗ್ತೀವಿ, ಇಬ್ರೂ ಈಗ್ಲೇ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದೀವಿ. ಟೌನಲ್ಲಿ ಯಾವ ಕಡೆ ನೋಡ್ಲಿ ಅಕ್ಕ?

ಬೆಟ್ಟದಮನೆ:
ಅವಳ ಹೆಸರನ್ನ ಇಲ್ಲಿ ಹಾಕೋದು ಬೇಡ, ನೀವು ಹೋಗುವಾಗ ಹೇಳಿ, ಮನೆ ತೋರಿಸೋಕೆ ಹೇಳ್ತೀನಿ. ಟೌನಿನ ನಡುಭಾಗ ಬಾಹೊ ಬೊಕೆಟೆ ನೋಡಿ, ಎಲ್ಲಾ ನಡ್ಕೊಂಡೇ ಹೋಗ್ಬಹುದು, ಆದ್ರೆ ನದಿ ಪಕ್ಕದ್ದು ತಗೋಬೇಡಿ. ಮಳೆ ಕಮ್ಮಿ ಬೇಕು ಅಂದ್ರೆ ದಾವಿದ್ ಕಡೆಯ ಆಲ್ಟೊ ಬೊಕೆಟೆ, ಅಲ್ಲಿ ಗಾಳಿ ಜಾಸ್ತಿ, ನಿಮ್ಮಾಕೆಗೆ ತೋರಿಸಿ ಅವರೇ ಆರಿಸ್ಲಿ.