ವಿಷಯ: ‘ಓವರ್‌ಸೀಸ್ ಟೆರಿಟರಿ’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಇತಿಹಾಸದ ಪ್ರದರ್ಶನ ಇದೆ. ಬ್ರಿಟನ್ ದೂರದಿಂದ ಆಳುವ ಜಿಬ್ರಾಲ್ಟರ್, ಫಾಕ್‌ಲ್ಯಾಂಡ್, ಸೇಂಟ್ ಹೆಲೆನಾ, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ತೋರಿಸುವ ನಕಾಶೆಗೆ ತಲೆಬರಹ ಬೇಕು. ಬ್ರಿಟನ್ ಇವನ್ನು ಮೊದಲು ‘ಕಾಲನಿ’ ಎನ್ನುತ್ತಿತ್ತು. 1983ರಿಂದ ‘ಡಿಪೆಂಡೆಂಟ್ ಟೆರಿಟರಿ’, 2002ರಿಂದ ‘ಓವರ್‌ಸೀಸ್ ಟೆರಿಟರಿ’. ‘ಸಾಗರೋತ್ತರ ಪ್ರದೇಶ’ ಎಂದರೆ ಯಾರ ಆಳ್ವಿಕೆ ಅನ್ನೋದೇ ತಿಳಿಯಲ್ಲ, ಅಲ್ವಾ? ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ರಾಯಚೂರಿನಿಂದ:
ಕಡಲಾಚೆಯ ನೆಲ. ಮುಗೀತು. ‘ವಸಾಹತು’ ಬೇಡ, ಅದು ಮರಾಠಿಯಿಂದ ಬಂದದ್ದು. ಒಂದು ಕಡೆ ನೆಲೆಸಿದವರಿಗೆ ನಮ್ಮಲ್ಲೇ ‘ಒಕ್ಕಲು’ ಇದೆ. ‘ಒಕ್ಕಲುನಾಡು’ ಎನ್ನಿ.

ಕೊಪ್ಪಳದಿಂದ:
ಸರ್, ಒಕ್ಕಲು ಎಂದ ಮೇಲೆ ಒಕ್ಕಲೆಬ್ಬಿಸೋದನ್ನೂ ಹೇಳಬೇಕು. 1965ರಲ್ಲಿ ಚಾಗೋಸನ್ನು ಮಾರಿಷಸ್‌ನಿಂದ ಬೇರೆ ಮಾಡಿದರು. ಅಲ್ಲಿನ ದೊಡ್ಡ ದ್ವೀಪ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನೆಗೆ ಜಾಗ ಬೇಕಿತ್ತು. 1973ರ ಹೊತ್ತಿಗೆ ದ್ವೀಪಗಳಲ್ಲಿದ್ದ ಅಷ್ಟೂ ಜನರನ್ನು ಹಡಗು ಹತ್ತಿಸಿದರು. ಅವರು ಸಾಕಿದ ನಾಯಿಗಳನ್ನು ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ ಕೂಡಿ, ವಾಹನದ ಹೊಗೆ ಬಿಟ್ಟು ಕೊಂದರು. ಇದಕ್ಕೆ ಸುಮ್ನೆ ‘ಕಡಲಾಚೆಯ ನೆಲ’ ಎಂದರೆ ಸಾಕಾ? ‘ವಸಾಹತು’ ಎಂದೇ ಬರೆಯಿರಿ.

ರಾಯಚೂರಿನಿಂದ:
ಭಾವುಕತೆ ಪದಕೋಶಕ್ಕೆ ಬೇಡ. ಫಾಕ್‌ಲ್ಯಾಂಡ್‌ನಲ್ಲಿ 2013ರಲ್ಲಿ ಮತ ಹಾಕಿಸಿದಾಗ ಬ್ರಿಟನ್ ಜೊತೆ ಇರೋದು ಬೇಡ ಎಂದವರು ಮೂರೇ ಜನ. ಅವರ ಊರನ್ನೂ ವಸಾಹತು ಅಂತೀರಾ?

ಕೊಪ್ಪಳದಿಂದ:
ಅವರನ್ನು ಕೇಳಿದರು, ಚಾಗೋಸಿನವರನ್ನು ಕೇಳಲಿಲ್ಲ. ಆದರೂ ಎರಡಕ್ಕೂ ಲಂಡನ್ ಇಟ್ಟ ಹೆಸರು ಒಂದೇ. ನನ್ನ ತಕರಾರು ಅಲ್ಲಿದೆ. 1951ರಲ್ಲಿ ಪೋರ್ಚುಗಲ್ ಸಹ ಗೋವಾವನ್ನು ‘ಸಾಗರೋತ್ತರ ಪ್ರಾಂತ್ಯ’ ಎಂದಿತು. ಆಳ್ವಿಕೆ ಬದಲಾಗಲಿಲ್ಲ. ಬಳ್ಳಾರಿಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ ಸೀಮೆ ಅದು. ‘ದತ್ತ ಮಂಡಲ’, ಅಂದರೆ ಬಿಟ್ಟುಕೊಟ್ಟ ಸೀಮೆ, ಎಂದರು. ಕೊಟ್ಟವನು ನಿಜಾಮ, ಪಡೆದವರು ಇಂಗ್ಲಿಷರು, ಊರಿನವರನ್ನು ಯಾರೂ ಕೇಳಲಿಲ್ಲ. ಇನ್ನು ಮರಾಠಿ ಪದ ಬೇಡ ಎಂದಿರಿ. ಜಿಲ್ಲೆ, ತಾಲೂಕು, ತಹಶೀಲ್ದಾರ್ ಎಲ್ಲಿಂದ ಬಂದವು?

ರಾಯಚೂರಿನಿಂದ:
ಅವು ಬಂದಾಗಿದೆ. ಹೊಸದನ್ನೂ ಎರವಲೇ ತರಬೇಕು ಎಂದೇನಿಲ್ಲ. ಕನ್ನಡದಲ್ಲಿ ಕಟ್ಟಲು ಆಗದಿದ್ದರೆ ತನ್ನಿ.

ಬಳ್ಳಾರಿಯಿಂದ:
ಇಬ್ಬರಿಗೂ ಥ್ಯಾಂಕ್ಸ್. ತಲೆಬರಹ ‘ಬ್ರಿಟನ್ ಆಳುವ ಕಡಲಾಚೆಯ ನೆಲಗಳು’ ಎಂದು ಕೊಟ್ಟೆ. ಚಾಗೋಸ್ ಬಗ್ಗೆ ಇರುವ ಫಲಕದಲ್ಲಿ ‘ವಸಾಹತು’, ‘ಒಕ್ಕಲೆಬ್ಬಿಸಿದರು’ ಎರಡೂ ಇವೆ. ಹಿಂದೂ ಮಹಾಸಾಗರದಲ್ಲಿರುವ ಫ್ರಾನ್ಸಿನ ರಿಯೂನಿಯನ್ ದ್ವೀಪ ಬಾಕಿ ಉಳಿದಿದೆ. 1946ರಿಂದ ಅದು ಫ್ರಾನ್ಸಿನದೇ ಒಂದು ಜಿಲ್ಲೆಯ ಹಾಗೆ, ಪ್ಯಾರಿಸ್ ಸಂಸತ್ತಿಗೆ ಸದಸ್ಯರನ್ನೂ ಕಳಿಸುತ್ತದೆ. ಅದಕ್ಕೆ ಏನನ್ನೋಣ?