ಬರ ತಾಳುವ ಅಲಸಂದಿ: ಕ್ರಾಸ್ ಮಾಡೂದು ಹೆಂಗ, ಚಲೋ ಗಿಡ ಆರಿಸೂದು ಹೆಂಗ?

ಎರಿಹೊಲ, ಜೇವರ್ಗಿ

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಕಡೆ ತೊಗರಿ ಸಾಲಿನ ನಡುವ ಹಾಕೂ ಒಂದು ನಾಟಿ ಅಲಸಂದಿ ಅದ. ಕಂದು ಕಾಳು, ನೇರಳೆ ಹೂ, ಬಳ್ಳಿ ಹಬ್ಬತದ. ಜುಲೈ-ಆಗಸ್ಟ್‌ದಾಗ ಮಳಿ ಕೈಕೊಟ್ಟರೂ ಎಲಿ ಉದುರಸೂದಿಲ್ಲ, ಮಳಿ ಬಿದ್ದ ಕೂಡಲೇ ಮತ್ತ ಚಿಗೀತದ. ಆದರ ಬಹಳ ತಡ ಬರ್ತದ, ಕಾಯಿ ಒಟ್ಟಿಗೆ ಬಲಿಯೂದಿಲ್ಲ. ಇದರ ತಾಳಿಕಿ ಒಂದು ಬಿಳಿ ಹೂವಿನ, ಬೇಗ ಬರೂ ಗಿಡ್ಡ ತಳಿಗೆ ಕ್ರಾಸ್ ಮಾಡಿ (ಒಂದರ ಪರಾಗ ಇನ್ನೊಂದರ ಹೂವಿಗೆ ಹಾಕಿ) ತರಬೇಕಂತ ಯೋಚನಿ.

ಕೇಳೂದು ಮೂರು. ಬ್ಯಾಸಗಿಯಾಗ ಕ್ರಾಸ್ ಮಾಡಿದರ ಹೂ ಉದುರಿ ಹೋಗ್ತಾವ, ಯಾವ ಹಂಗಾಮು ಸರಿ? ಟ್ರೇದಾಗ ಎರಿ (ಕಪ್ಪು) ಮಣ್ಣು ತುಂಬಿ ನೀರು ಕೊಡೂದು ನಿಲ್ಲಿಸಿದರ ತಾಳೂದು, ತಾಳದ್ದು ಎಲ್ಲಾ ಒಂದೇ ದಿನ ಬಾಡ್ತಾವ, ಯಾಕ? ಹೊಲದಾಗ ಆರಿಸಬೇಕಾದರ ಯಾವ ಲೆಕ್ಕ ಹಿಡೀಬೇಕು? ಹೋಲಿಕೆಗೆ ಸಿ-152 ಅನ್ನೂ ಅಲಸಂದಿ ತಳಿ ಇಟ್ಟೀನಿ.

ಮಸಾರಿ ಮಣ್ಣು, ಬೀದರ್

ಮೊದಲು ಹೂವಿನ ಮಾತು. ಅಲಸಂದಿಗೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆ ಹೆಚ್ಚು ಕೆಡುಕು. ರಾತ್ರಿ ಉಷ್ಣಾಂಶ 20 ಡಿಗ್ರಿ ದಾಟುತ್ತಾ ಹೋದಂತೆ, ಸೆಕೆ ತಡೆಯದ ತಳಿಗಳಲ್ಲಿ ಪರಾಗಕೋಶ (ಪರಾಗ ತುಂಬಿದ ಚೀಲ) ಸರಿಯಾಗಿ ಒಡೆಯುವುದಿಲ್ಲ, ಪರಾಗ ಬಂಜೆಯಾಗುತ್ತದೆ. ಏಪ್ರಿಲ್‌ನಲ್ಲಿ ನೀರು ಎಷ್ಟೇ ಕೊಟ್ಟರೂ ಇದು ತಪ್ಪುವುದಿಲ್ಲ. ಸೆಪ್ಟೆಂಬರ್ ನಡುವಿನಲ್ಲಿ ಬಿತ್ತಿರಿ, ಅಕ್ಟೋಬರ್ ಕೊನೆಗೆ, ನವೆಂಬರ್‌ನಲ್ಲಿ ಹೂ ಸಿಗುತ್ತದೆ. ಆಗ ಹಗಲು ಗಿಡ್ಡ ಇರುವುದರಿಂದ ನಿಮ್ಮ ತಡದ ನಾಟಿ ತಳಿಯೂ ಬೇಗ ಹೂವಿಗೆ ಬರುತ್ತದೆ. ಆದರೂ ಗಿಡ್ಡ ತಳಿಯನ್ನು ಹತ್ತು ದಿನದ ಅಂತರದಲ್ಲಿ ಎರಡು ಸಲ ಬಿತ್ತಿಕೊಳ್ಳಿ, ಹೂವಿನ ಕಾಲ ಹೊಂದದಿದ್ದರೆ ಹಂಗಾಮೇ ಹೋಗುತ್ತದೆ.

ಬಿಳಿ ಹೂವಿನದೇ ತಾಯಿಯಾಗಲಿ, ನಾಟಿ ನೇರಳೆ ತಂದೆಯಾಗಲಿ. ನೇರಳೆ ಬಣ್ಣ ಪ್ರಬಲ ಗುಣ. ಮೊದಲ ಪೀಳಿಗೆಯ ಗಿಡ ಬಿಳಿ ಹೂ ಬಿಟ್ಟರೆ ಅದು ತಾಯಿಯ ಸ್ವಂತ ಪರಾಗದಿಂದ ಹುಟ್ಟಿದ್ದು, ಕಿತ್ತು ಹಾಕಿ. ಅದಲು ಬದಲು ಮಾಡಿದರೆ ಈ ಗುರುತು ಸಿಗುವುದಿಲ್ಲ.

ಸಂಜೆ 4ರಿಂದ 6ರೊಳಗೆ, ಮರುದಿನ ಅರಳುವ ಮೊಗ್ಗು ಹಿಡಿಯಿರಿ. ಪೂರ್ತಿ ಬೆಳೆದಿರಬೇಕು, ತುದಿ ತಿಳಿ ಹಳದಿಗೆ ತಿರುಗಿರಬೇಕು, ಬಿಚ್ಚಿರಬಾರದು. ಸೂಜಿಯಿಂದ ಮೊಗ್ಗಿನ ನೇರ ಅಂಚನ್ನು ಸೀಳಿ ದೊಡ್ಡ ದಳ ಹಿಂದಕ್ಕೆ ಮಡಚಿ, ಒಳಗಿನ ದೋಣಿಯಂಥ ದಳದ ತುದಿ ಬಿಡಿಸಿ. ಕೇಸರ, ಅಂದರೆ ಪರಾಗ ಹೊತ್ತ ಗಂಡು ಎಳೆ, ಹತ್ತು: ಒಂಬತ್ತು ಬುಡದಲ್ಲಿ ಕೂಡಿರುತ್ತವೆ, ಒಂದು ಬಿಡಿ. ಚಿಮಟದಿಂದ ಎಲ್ಲವನ್ನೂ ತೆಗೆಯಿರಿ. ಹೆಚ್ಚು ಕೆಡುವುದು ಇಲ್ಲೇ. ಶಲಾಕೆ (ನಡುವಿನ ಹೆಣ್ಣು ಭಾಗದ ಕಡ್ಡಿ) ಮೇಲಕ್ಕೆ ಬಾಗಿರುತ್ತದೆ, ಕೇಸರ ಎಳೆಯುವಾಗ ಚಿಮಟ ಅದಕ್ಕೆ ತಾಗಿದರೆ ಎರಡು ದಿನದಲ್ಲಿ ಮೊಗ್ಗು ಹಳದಿಯಾಗಿ ಉದುರುತ್ತದೆ. ಹೂ ಉದುರಿದ್ದಕ್ಕೆಲ್ಲ ಸೆಕೆಯನ್ನೇ ದೂರಬೇಡಿ.

ಮರುದಿನ ಬೆಳಿಗ್ಗೆ 6ರಿಂದ 8ರೊಳಗೆ ತಂದೆ ಗಿಡದ ಅರಳಿದ ಹೂ ತಂದು, ದೋಣಿ ದಳ ಒತ್ತಿದರೆ ಪರಾಗ ಮೆತ್ತಿದ ಶಲಾಕೆ ಹೊರಗೆ ಬರುತ್ತದೆ. ಅದನ್ನೇ ಬ್ರಷ್ ಮಾಡಿ ಸವರಿ. ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚುತ್ತದೆ, ಆಮೇಲೆ ಪ್ರಯೋಜನವಿಲ್ಲ. ಅದೇ ತೊಟ್ಟಿನ ಉಳಿದ ಮೊಗ್ಗುಗಳನ್ನು ಚಿವುಟಿ ಹಾಕಿ, ಇಲ್ಲದಿದ್ದರೆ ಆಹಾರವೆಲ್ಲ ಅವಕ್ಕೆ ಹೋಗಿ ಕ್ರಾಸ್ ಮಾಡಿದ್ದು ಒಣಗುತ್ತದೆ. ಹತ್ತರಲ್ಲಿ ಎರಡು-ಮೂರು ಕಾಯಿ ನಿಂತರೆ ಒಳ್ಳೆಯ ಕೈ ಎಂದೇ ಲೆಕ್ಕ. ಕಾಯಿ ಸುಮಾರು ಮೂರು ವಾರಕ್ಕೆ ಬಲಿಯುತ್ತದೆ. ಒಣಗಿದ ಕೂಡಲೇ ಬಿಡಿಸಿ, ಕಾಳನ್ನು ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಶೀಶೆಯಲ್ಲಿಡಿ. ನುಸಿ ಬಿದ್ದರೆ ಇಡೀ ಹಂಗಾಮಿನ ಕೆಲಸ ಪುಡಿಯಾಗುತ್ತದೆ.

ಕೂರಿಗಿ, ಸುರಪುರ

ಟ್ರೇ ಪ್ರಶ್ನೆಗೆ ನನ್ನ ಉತ್ತರ. ಎರಿ ಮಣ್ಣು ಆರಿದಂತೆ ಬಿರುಕು ಬಿಡುತ್ತದೆ. ಬಿರುಕು ಎಳೆ ಬೇರನ್ನು ಹರಿಯುತ್ತದೆ, ಮೇಲಿಂದ ಗಾಳಿ ಹೊಕ್ಕು ಬೇರಿನ ಪಕ್ಕವೇ ಒಣಗಿಸುತ್ತದೆ. ಗಿಡ ಸಾಯುವುದು ಬಿರುಕಿನಿಂದ, ತಳಿಯ ಗುಣ ಅಲ್ಲಿ ಕಾಣುವುದೇ ಇಲ್ಲ.

ನೈಜೀರಿಯಾದ ಐಐಟಿಎ (ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ) ಸಂಶೋಧನಾ ಕೇಂದ್ರದಲ್ಲಿ ಬಳಕೆಗೆ ತಂದ ಮರದ ಪೆಟ್ಟಿಗೆ ವಿಧಾನ ಹಿಡಿಯಿರಿ. 130 ಸೆಂ.ಮೀ. ಉದ್ದ, 65 ಅಗಲ, 15 ಆಳ. ಮೇಲ್ಮಣ್ಣು, ಮರಳು ಸಮಪಾಲು ಬೆರೆಸಿ 12 ಸೆಂ.ಮೀ. ತುಂಬಬೇಕು. ನಮ್ಮಲ್ಲಾದರೆ ಮೇಲ್ಮಣ್ಣಿಗೆ ಮಸಾರಿ (ಕೆಂಪು) ಮಣ್ಣು ತನ್ನಿ. ಪೆಟ್ಟಿಗೆ ಮಟ್ಟವಾಗಿ ಕೂತಿರಬೇಕು, ಒಂದು ಮೂಲೆ ತಗ್ಗಿದ್ದರೆ ನೀರು ಅಲ್ಲಿ ನಿಂತು ಆ ಮೂಲೆಯ ತಳಿ ‘ತಾಳಿಕೆಯದು’ ಎಂದು ಮೋಸ ಮಾಡುತ್ತದೆ. ಅಂಚಿನ ಸಾಲು ಬೇಗ ಒಣಗುತ್ತದೆ, ಅದನ್ನು ಎಣಿಕೆಗೆ ಹಿಡಿಯಬೇಡಿ. ಸಿ-152 ಸಾಲು ಒಂದೇ ಕಡೆ ಬೇಡ, ನಾಲ್ಕೈದು ಸಾಲಿಗೊಮ್ಮೆ ಬರಲಿ.

ಮೊದಲ ಮೂರೆಲೆ (ಮೂರು ಎಸಳಿನ ಒಂದು ಎಲೆ) ಮೂಡುವ ತನಕ ದಿನಾ ಸಮ ನೀರು, ಆಮೇಲೆ ಪೂರ್ತಿ ಬಂದ್. ದಿನಾ ಒಂದೇ ಹೊತ್ತಿಗೆ ಬಾಡಿದ ಗಿಡ ಎಣಿಸಿ ಬರೆಯಿರಿ. ತಾಳದ ತಳಿ ಪೂರ್ತಿ ಸತ್ತ ಮೇಲೆ ನೀರು ಕೊಟ್ಟು, ಎಷ್ಟು ಚೇತರಿಸಿದವು ಎಂದು ಮತ್ತೆ ಎಣಿಸಿ. ತಾಳುವ ರೀತಿ ಎರಡು. ಒಂದು ಬಗೆಯ ಗಿಡ ಇಡಿಯಾಗಿ ಬೆಳವಣಿಗೆ ನಿಲ್ಲಿಸಿ, ಎಲ್ಲ ಎಲೆಯನ್ನೂ ಹಸಿರಾಗಿ ಹಿಡಿದುಕೊಂಡು ಕೊನೆಗೆ ಒಟ್ಟಿಗೆ ಸಾಯುತ್ತದೆ. ಇನ್ನೊಂದು ಕೆಳಗಿನ ಎಲೆ ಬಲಿಕೊಟ್ಟು ತೇವವನ್ನು ತುದಿಗೆ ಸಾಗಿಸಿ, ಚಿಗುರನ್ನು ಇನ್ನೂ ಹೆಚ್ಚು ದಿನ ಉಳಿಸುತ್ತದೆ. ಐಐಟಿಎ ಪರೀಕ್ಷಿಸಿದ ತಳಿಗಳಲ್ಲಿ ಟಿವಿಯು-11986 ಮೊದಲ ಬಗೆಗೆ, ದಾನ್ ಇಲಾ ಎರಡನೆಯದಕ್ಕೆ ಹೆಸರಾದವು. ಕೆಳಗಿನ ಎಲೆ ಹಳದಿಯಾದ ತಕ್ಷಣ ‘ಸೋತಿತು’ ಎಂದು ಬರೆದರೆ ಈ ಎರಡನೆಯದು ಕೈಬಿಟ್ಟು ಹೋಗುತ್ತದೆ. ತುದಿಯನ್ನು ಮುಟ್ಟಿ ನೋಡಿ ಬರೆಯಿರಿ.

ಬೇರೆ ಬೇರೆ ಕುಂಡದಲ್ಲಿ ಪರೀಕ್ಷೆ ಮಾಡಬೇಡಿ. ಕುಂಡದಲ್ಲಿ ದೊಡ್ಡ ಎಲೆಯ ಗಿಡ ತನ್ನ ಪಾಲಿನ ನೀರು ಬೇಗ ಮುಗಿಸಿ ಬಾಡುತ್ತದೆ, ಕುರುಚಲು ಗಿಡ ಗೆದ್ದಂತೆ ಕಾಣುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಒಂದೇ ತೇವ. ಆದರೆ 12 ಸೆಂ.ಮೀ. ಮಣ್ಣಿನಲ್ಲಿ ಬೇರಿನ ಆಳ ಗೊತ್ತಾಗುವುದಿಲ್ಲ. ನಿಮ್ಮ ಎರಿ ಹೊಲದಲ್ಲಿ ಕೆಳಗಿನ ತೇವಕ್ಕೆ ಇಳಿಯುವ ಬೇರೇ ಮುಖ್ಯ. ಕೊನೆಗೆ ಉಳಿದ ಹತ್ತಿಪ್ಪತ್ತು ಸಾಲುಗಳನ್ನು (ಒಂದೊಂದು ಸಾಲು ಒಂದೇ ಗಿಡದ ಬೀಜದಿಂದ ಬಂದದ್ದು) ಒಂದು ಮೀಟರ್ ಉದ್ದದ ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ ಬೆಳೆಸಿ, ಪೈಪ್ ಸೀಳಿ ಬೇರು ಅಳೆಯಿರಿ.

ಮಸಾರಿ ಮಣ್ಣು, ಬೀದರ್

ಕೂರಿಗಿಯವರು ಹೇಳಿದ್ದು ಸರಿ. ಹೊಲದ ಮಾತು ಸೇರಿಸುತ್ತೇನೆ. ಬೇಸಿಗೆಯಲ್ಲಿ ಬರ ಪರೀಕ್ಷೆ ಮಾಡಿದರೆ ಸೆಕೆಗೂ ಬರಕ್ಕೂ ಬೇರೆ ಬೇರೆ ಲೆಕ್ಕ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಂಗಾರಿ ತೇವದ ಮೇಲೆ ಬಿತ್ತಿ, ಒಂದು ತಾಕಿಗೆ ನೀರು ಕೊಡಿ, ಇನ್ನೊಂದಕ್ಕೆ ಬೇಡ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15, ಇದನ್ನೇ ಮೂರು ಕಡೆ ಪುನರಾವರ್ತಿಸಿ. ಇದು ತೋರಿಸುವುದು ಕೊನೆಗಾಲದ ಬರ. ನಡುಗಾಲದಲ್ಲಿ ಮಳೆ ಕೈಕೊಟ್ಟಾಗ ಎಲೆ ಹಿಡಿದುಕೊಂಡು ಎರಡನೇ ಸಲ ಹೂ ಬಿಡುವ ಗುಣವನ್ನು ಮುಂಗಾರಿಯಲ್ಲೇ ನೋಡಬೇಕು. ಎರಡೂ ಬೇರೆ ಬೇರೆ ಗುಣ, ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು.

ಲೆಕ್ಕಕ್ಕೆ ಬರ ಸೂಚ್ಯಂಕ ಒಂದನ್ನೇ ನಂಬಬೇಡಿ. ಉದಾಹರಣೆಗೆ ಎಲ್ಲ ಸಾಲುಗಳ ಸರಾಸರಿ ನೀರಿನಲ್ಲಿ 600 ಗ್ರಾಂ, ಬರದಲ್ಲಿ 300 ಇದೆ ಅನ್ನಿ, ಅಂದರೆ ಇಳಿಕೆ 0.5. ಒಂದು ಸಾಲು 500ರಿಂದ 300ಕ್ಕೆ ಇಳಿದರೆ ಅದರ ಇಳಿಕೆ 0.4, ಸರಾಸರಿ ಇಳಿಕೆಯಿಂದ ಭಾಗಿಸಿದರೆ ಸೂಚ್ಯಂಕ 0.8. ಇನ್ನೊಂದು 200ರಿಂದ 150ಕ್ಕೆ ಇಳಿದರೆ ಇಳಿಕೆ 0.25, ಸೂಚ್ಯಂಕ 0.5. ಸೂಚ್ಯಂಕ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ನಿಯಮದ ಪ್ರಕಾರ ಎರಡನೆಯದೇ ಮೇಲು, ರೈತನ ಚೀಲಕ್ಕೆ ಬೀಳುವುದು ಮಾತ್ರ ಅರ್ಧ. ಪ್ರತಿ ಸಾಲಿನ ನೀರಿನ ಇಳುವರಿ, ಬರದ ಇಳುವರಿ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ: ಮೊದಲನೆಯದು 387, ಎರಡನೆಯದು 173. ಆರಿಸಬೇಕಾದದ್ದು ಯಾವುದು ಎಂದು ಆಗ ತಿಳಿಯುತ್ತದೆ.

ಬರದ ತಾಕಿನಲ್ಲಿ ಗಿಡ ಸತ್ತರೆ ಬುಡದ ಕಾಂಡ ಸೀಳಿ ನೋಡಿ. ಒಳಗೆ ಬೂದು ಬಣ್ಣ, ಇದ್ದಿಲ ಪುಡಿಯಂಥ ಕಪ್ಪು ಚುಕ್ಕೆ ಇದ್ದರೆ ಅದು ಮ್ಯಾಕ್ರೋಫೋಮಿನಾ ಬೇರು ಕೊಳೆ. ಒಣ ಬಿಸಿ ಮಣ್ಣಿನಲ್ಲೇ ಏರುವ ಶಿಲೀಂಧ್ರವಾದ್ದರಿಂದ ಬರಕ್ಕೆ ಸತ್ತಂತೆಯೇ ಕಾಣುತ್ತದೆ. ಅಂಥ ಗಿಡದ ಲೆಕ್ಕವನ್ನು ಬೇರೆ ಬರೆಯಿರಿ.

ಎರಿಹೊಲ, ಜೇವರ್ಗಿ

ಬಹಳ ಉಪಕಾರ ಆತ್ರಿ. ಇನ್ನೊಂದೇ ಮಾತು: ಎರಡನೇ ಪೀಳಿಗಿಯಾಗ ಎಷ್ಟು ಗಿಡ ಇಡಬೇಕು? ಅಲ್ಲೇ ಇಳುವರಿ ನೋಡಿ ಆರಿಸಬಹುದಾ?

ಕೂರಿಗಿ, ಸುರಪುರ

ಮುನ್ನೂರರಿಂದ ನಾನೂರು ಗಿಡ ಇರಲಿ. ಇಳುವರಿ ನೋಡಿ ಅಲ್ಲಿ ಆರಿಸಬೇಡಿ, ಒಂಟಿ ಗಿಡದ ಇಳುವರಿಯಲ್ಲಿ ಮಣ್ಣಿನ ಪಾಲೇ ಹೆಚ್ಚು. ಬಹಳ ತಡದ್ದು, ನಂಜು ರೋಗ ಬಂದದ್ದು ಮಾತ್ರ ಕಿತ್ತು ಹಾಕಿ. ಉಳಿದ ಪ್ರತಿ ಗಿಡದಿಂದ ಒಂದೊಂದೇ ಕಾಳು ಮುಂದಿನ ಪೀಳಿಗೆಗೆ ಒಯ್ಯಿರಿ, ಮೊಳೆಯದಿದ್ದರೆ ಎಂದು ಎರಡು ಕಾಳು ಹೆಚ್ಚಿಗೆ ತೆಗೆದಿಡಿ. ನವೆಂಬರ್‌ನಲ್ಲಿ ಕ್ರಾಸ್, ಜನವರಿಯಲ್ಲಿ ಮೊದಲ ಪೀಳಿಗೆ, ಜೂನ್‌ಗೆ ಎರಡನೆಯದು, ಅಕ್ಟೋಬರ್‌ಗೆ ಮೂರು, ಜನವರಿಗೆ ನಾಲ್ಕು, ಮರು ಜೂನ್‌ಗೆ ಐದನೆಯದು. ಜನವರಿ ಬಿತ್ತನೆ ತಡ ಮಾಡಬೇಡಿ, ಹೂ ಏಪ್ರಿಲ್ ಸೆಕೆಗೆ ಸಿಕ್ಕರೆ ಕಾಳು ಕಟ್ಟುವುದಿಲ್ಲ. ಐದನೇ ಪೀಳಿಗೆಯಿಂದ ಒಂದೊಂದು ಗಿಡದ ಬೀಜ ಒಂದೊಂದು ಸಾಲು. ಪೆಟ್ಟಿಗೆ, ಹೊಲ ಎರಡೂ ಪರೀಕ್ಷೆ ಅಲ್ಲಿಂದ ಸುರು ಮಾಡಿ.